ಏಳು ವರ್ಷ ಬಾಳಬೇಕಿದ್ದ ಗೇರ್‌ಬಾಕ್ಸ್

೨೦೧೮ನೆಯ ಇಸವಿಯಲ್ಲಿ ನನಗೆ ನಲವತ್ತಾರು ವರ್ಷ. ಅದಕ್ಕೆ ಎರಡು ವರ್ಷ ಮೊದಲು ಅರಸೀಕೆರೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟರ ಕೆಲಸವನ್ನು ಬಿಟ್ಟು, ಮನೆಯಲ್ಲೇ ಕುಳಿತು ಪ್ರಕಾಶಕರಿಗೆ ಕರಡು ತಿದ್ದಿಕೊಡುತ್ತಿದ್ದೆ. ಕಣಕಟ್ಟೆಯ ಬಳಿ ಸ್ವಲ್ಪ ತೆಂಗಿನ ತೋಟವಿತ್ತು. ಎರಡರಿಂದಲೂ ಸೇರಿ ಸಂಸಾರ ನಡೆಯುತ್ತಿತ್ತು. ಬಂಧುಗಳು ಮದುವೆಯ ಕರೆಯೋಲೆಯಿಂದ ಕ್ರಯಪತ್ರದವರೆಗೆ ತಪ್ಪಿಲ್ಲದಂತೆ ಇರಬೇಕಾದುದೆಲ್ಲವನ್ನೂ ನನ್ನ ಮುಂದೆ ತಂದಿಡುತ್ತಿದ್ದರು. ಅದು ಸಹಜ. ಹಳೆಯ ಕಾರನ್ನು ಕೊಳ್ಳುವ ಮುನ್ನವೂ ಅವರು ನನ್ನನ್ನೇ ಕೇಳುತ್ತಿದ್ದರು ಎಂಬುದಕ್ಕೆ ಮಾತ್ರ ಸ್ವಲ್ಪ ವಿವರಣೆ ಬೇಕು.

ನನ್ನ ಮೊದಲ ಕಾರಿನ ಗೇರ್‌ಬಾಕ್ಸ್, ಕೊಂಡ ಎರಡನೆಯ ವರ್ಷದಲ್ಲೇ ಬಾಣಾವರದ ಹತ್ತಿರ ಕೈಕೊಟ್ಟಿತು. ನಷ್ಟಕ್ಕಿಂತ ಹೆಚ್ಚಾಗಿ, ಅದು ಏಕೆ ಕೆಟ್ಟಿತೆಂದು ಯಾರೂ ಖಚಿತವಾಗಿ ಹೇಳದಿದ್ದುದು ನನ್ನನ್ನು ಕಾಡಿತು. ಅಂದಿನಿಂದ ಒಂದು ದಪ್ಪ ನೋಟ್‌ಪುಸ್ತಕವನ್ನು ಇಟ್ಟುಕೊಂಡೆ. ಸಹೋದ್ಯೋಗಿಗಳದೋ ನೆಂಟರದೋ ನೆರೆಯವರದೋ, ಯಾವ ಕಾರಿನ ಗೇರ್‌ಬಾಕ್ಸ್ ಕೆಟ್ಟರೂ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದೆ: ಎಷ್ಟು ವರ್ಷದ ಗಾಡಿ, ಎಷ್ಟು ಓಡಿದೆ, ಯಾವ ರಸ್ತೆಯಲ್ಲಿ, ಯಾರು ಓಡಿಸುತ್ತಿದ್ದರು, ಮೊದಲು ಕಂಡ ಲಕ್ಷಣವೇನು, ಬಿಚ್ಚಿದಾಗ ಒಳಗೆ ಸಿಕ್ಕಿದ್ದೇನು. ಬಿಚ್ಚಿ ನೋಡದ ಯಾವುದನ್ನೂ ಪುಸ್ತಕಕ್ಕೆ ಸೇರಿಸಬಾರದೆಂಬುದು ನಾನೇ ಮಾಡಿಕೊಂಡ ನಿಯಮ. “ಮೇಷ್ಟ್ರು ಪುಸ್ತಕ ಹಿಡ್ಕೊಂಡು ಬಂದ್ರು ಅಂದ್ರೆ ಗಾಡಿ ತಿಥಿ ಅಂತಾನೇ ಅರ್ಥ” ಎಂದು ನಮ್ಮ ವಿಜ್ಞಾನದ ಮೇಷ್ಟರು ಶಿಕ್ಷಕರ ಕೊಠಡಿಯಲ್ಲಿ ಎಲ್ಲರ ಮುಂದೆ ಹೇಳಿದ್ದರು. ೨೦೧೮ರ ಹೊತ್ತಿಗೆ ಅದರಲ್ಲಿ ಮೂವತ್ತೆಂಟು ಗಾಡಿಗಳ ವಿವರವಿತ್ತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವಳ ಮನೆ ಹಳೇಬೀಡಿನಲ್ಲಿ. ಭಾವನವರದು ಅಲ್ಲೇ ಪಂಪುಸೆಟ್ಟು, ಪೈಪುಗಳ ಅಂಗಡಿ. ಅವಳು ಗಣಿತ ಕಲಿಸುತ್ತಿದ್ದ ಸರ್ಕಾರಿ ಪ್ರೌಢಶಾಲೆ ಬೇಲೂರನ್ನು ದಾಟಿ, ಬಿಕ್ಕೋಡಿನ ಕಡೆ, ಮನೆಯಿಂದ ಸುಮಾರು ಮೂವತ್ತು ಕಿಲೋಮೀಟರು. ತನ್ನ ಪುಟ್ಟ ಕಾರನ್ನು ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಆ ವರ್ಷ ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು, ಎಡಗಾಲಿನ ಪಾದದ ಕೀಲು ಮುರಿಯಿತು. ಲೋಹದ ಪಟ್ಟಿ, ಸ್ಕ್ರೂ ಹಾಕಿ ಕೂಡಿಸಿದರು. ಮೂಳೆ ಕೂಡಿತು, ಕೀಲು ಬಗ್ಗಲಿಲ್ಲ. ಇನ್ನು ಕ್ಲಚ್ಚನ್ನು ಒತ್ತುವಂತಿಲ್ಲ ಎಂದರು ವೈದ್ಯರು. ಬಸ್ಸಿನಲ್ಲಿ ಹೋಗಬೇಕೆಂದರೆ ಎರಡು ಬಸ್ಸು ಹತ್ತಿಳಿದು, ಆಮೇಲೆ ಮುಕ್ಕಾಲು ಕಿಲೋಮೀಟರು ಏರು ಹತ್ತಬೇಕು. ಅದು ಆ ಕಾಲಿನ ಕೈಯಲ್ಲಿ ಆಗುವ ಕೆಲಸವಲ್ಲ.

“ಸಾಕು ಕಣೇ, ಸ್ವಯಂನಿವೃತ್ತಿ ತಗೊಂಬಿಡು” ಎಂದರು ಭಾವ, ಏಪ್ರಿಲಿನ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ. “ಇಷ್ಟು ದಿನ ದುಡಿದಿದ್ದೀಯ. ಯಾರೇನಂತಾರೆ?”

“ಯಾರೋ ಏನೋ ಅಂತಾರೆ ಅಂತ ನಾನು ಇಷ್ಟು ವರ್ಷ ಸ್ಕೂಲಿಗೆ ಹೋದ್ನಾ? ಇಪ್ಪತ್ತೈದನೇ ಇಸವಿಗೆ ನನಗೆ ಅರವತ್ತು ತುಂಬುತ್ತೆ. ಅವತ್ತು ನಾನಾಗೇ ಬಂದು ಮನೇಲಿ ಕೂತ್ಕೋತೀನಿ.” ಅಕ್ಕ ನನ್ನತ್ತ ತಿರುಗಿದಳು. “ಅಷ್ಟೊಂದು ಬರ್ಕೊಂಡಿದ್ದೀಯಲ್ಲ, ಏಳು ವರ್ಷ ಬಾಳೋಂಥ ಕ್ಲಚ್ಚಿಲ್ಲದ ಗಾಡಿ ಒಂದು ಹುಡುಕಿಕೊಡು. ಏಳೇ ಸಾಕು ಕಣೋ.”

ಭಾವನವರು ಅಂಗಡಿಯನ್ನು ಆಗಷ್ಟೇ ದೊಡ್ಡದು ಮಾಡಿದ್ದರಿಂದ ಹೊಸ ಗಾಡಿಯ ಮಾತು ಬರಲಿಲ್ಲ. ಹಳೆಯದನ್ನೇ ಹುಡುಕಬೇಕಿತ್ತು, ಹಳೆಯದರ ಗೇರ್‌ಬಾಕ್ಸ್ ಮುಂದಿನ ಏಳು ವರ್ಷ ತಡೆಯುತ್ತದೆಯೇ ಎಂಬುದನ್ನು ನಾನು ಹೇಳಬೇಕಿತ್ತು.

ಕ್ಲಚ್ಚಿಲ್ಲದ ಗಾಡಿಗಳೆಲ್ಲ ಒಂದೇ ಬಗೆಯವಲ್ಲ. ಕೆಲವದರಲ್ಲಿ ಸಾಮಾನ್ಯ ಗೇರ್‌ಬಾಕ್ಸನ್ನೇ ಇಟ್ಟು, ನಮ್ಮ ಕಾಲು ಮಾಡುವ ಕೆಲಸವನ್ನು ಒಂದು ಸಣ್ಣ ಯಂತ್ರಕ್ಕೆ ಒಪ್ಪಿಸಿರುತ್ತಾರೆ. ಅದು ಏರಿನಲ್ಲಿ ಮುಗ್ಗರಿಸುತ್ತದೆ. ಕೆಲವದರಲ್ಲಿ ಹಲ್ಲಿನ ಚಕ್ರಗಳ ಬದಲು ಲೋಹದ ಬೆಲ್ಟು ತಿರುಗುತ್ತದೆ. ನಯವಾಗಿ ಹೋಗುತ್ತದೆ, ಆದರೆ ಕಾವನ್ನು ಸಹಿಸದು. ಮೂರನೆಯದು ಎಲ್ಲಕ್ಕಿಂತ ಹಳೆಯದು, ಎಣ್ಣೆಯ ಒತ್ತಡದಿಂದ ನಡೆಯುವುದು. ನಿಧಾನ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಯಾರೂ ಹೊಗಳುವುದಿಲ್ಲ. ನನ್ನ ಪುಸ್ತಕದಲ್ಲಿ ದೀರ್ಘಾಯುಷಿಗಳೆಂದು ಕಂಡವು ಇವೇ. ಇದನ್ನು ಪರೀಕ್ಷಿಸಲು ಎರಡು ಮುಖ್ಯ ದಾರಿಗಳಿವೆ. ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಚಾಲೂ ಮಾಡಿ, ಬ್ರೇಕನ್ನು ಒತ್ತಿಹಿಡಿದು ಗೇರಿನ ಹಿಡಿಯನ್ನು ಸರಿಸಬೇಕು. ಹಿಡಿ ಸರಿದ ಮೇಲೆ ಗಾಡಿಗೆ ಅದು ತಿಳಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಎಣಿಸಬೇಕು. ದಣಿದ ಗೇರ್‌ಬಾಕ್ಸ್ ಮೊದಲು ಸದ್ದು ಮಾಡುವುದಿಲ್ಲ, ತಡಮಾಡುತ್ತದೆ. ಎರಡನೆಯದು ಎಣ್ಣೆ. ಹೊಸದು ಕೆಂಪಗಿರುತ್ತದೆ. ಹಳೆಯದರ ಬಣ್ಣ, ವಾಸನೆ, ಅದರಲ್ಲಿ ಬೆರೆತ ಲೋಹದ ಪುಡಿ, ಒಳಗೆ ನಡೆದುದನ್ನೆಲ್ಲ ಹೇಳುತ್ತವೆ.

ಅಂಥ ಗಾಡಿಯೊಂದು ಜಾವಗಲ್ಲಿನಲ್ಲಿದೆಯೆಂದು ಮೇ ತಿಂಗಳಲ್ಲಿ ತಿಳಿಯಿತು. ಆರು ವರ್ಷ ಹಳೆಯದು, ತೆಂಗಿನಕಾಯಿ ವ್ಯಾಪಾರಿಯೊಬ್ಬರದು. ನಾನು ಫೋನು ಮಾಡಿ ಅವರಿಗೆ ಎರಡು ಷರತ್ತುಗಳನ್ನು ಬಿಡಿಬಿಡಿಯಾಗಿ ಹೇಳಿದೆ: ನಾವು ಬರುವವರೆಗೆ ಗಾಡಿಯಲ್ಲಿ ಯಾವುದನ್ನೂ ಮುಟ್ಟಬಾರದು, ಆ ದಿನ ಬೆಳಗ್ಗೆ ಎಂಜಿನ್ ಚಾಲೂ ಮಾಡಬಾರದು. “ಆಯ್ತು ಮೇಷ್ಟ್ರೇ, ನೀವು ಹೇಳ್ದಂಗೇ ಆಗ್ಲಿ” ಎಂದರು.

ಅರಸೀಕೆರೆಯ ನನ್ನ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ದೆ. ನನ್ನ ಓರಗೆಯವನು, ಪುಸ್ತಕದಲ್ಲಿರುವ ಮೂವತ್ತೆಂಟರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಚ್ಚಿದವನೇ ಅವನು. ಬೆಳಗ್ಗೆ ಏಳಕ್ಕೆ ನಾವು ಜಾವಗಲ್ ತಲಪಿದಾಗ, ವ್ಯಾಪಾರಿಗಳ ಮನೆಯ ಮುಂದೆ ಗಾಡಿ ಮಿರಮಿರ ಮಿಂಚುತ್ತ ನಿಂತಿತ್ತು. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿ, ನಾಲ್ಕು ಚಕ್ರದ ಅಡಿಗೂ ನಿಂಬೆಹಣ್ಣು. ಎಂಜಿನ್ ಓಡುತ್ತಿತ್ತು.

“ಬನ್ನಿ ಬನ್ನಿ” ಎಂದು ವ್ಯಾಪಾರಿಗಳು ಎದುರುಬಂದರು. “ನೀವು ಬರೋ ಹೊತ್ಗೆ ಕಾಯೋದು ಬ್ಯಾಡ ಅಂತ ಅರ್ಧ ಗಂಟೆ ಮುಂಚೇನೇ ಸ್ಟಾರ್ಟ್ ಮಾಡಿಟ್ಟಿದೀನಿ. ಗೇರ್ ಎಣ್ಣೇನೂ ನೆನ್ನೆ ಹೊಸದು ಹಾಕ್ಸಿದೀನಿ.”

“ಯಾವುದನ್ನೂ ಮುಟ್ಟಬಾರದು ಎಂದು ಹೇಳಿದ್ದೆನಲ್ಲ?”

“ಹೇಳಿದ್ರಿ. ಹಂಗಂತ ಕೊಳೆ ಗಾಡಿ ತೋರ್ಸಕಾಯ್ತದಾ? ಮನೆಗೆ ಬಂದೋರ್ಗೆ ತೊಳೀದಿರೋ ಲೋಟದಾಗೆ ನೀರು ಕೊಡಕಾಯ್ತದಾ ಮೇಷ್ಟ್ರೇ?”

ಮನೆಯಿಂದ ಹೊರಗೆ ಹೋಗುವ ವಸ್ತು ಕೊರತೆಯೊಡನೆ ಹೋಗಬಾರದೆಂಬುದು ಆ ಕಡೆಯ ಹಳೆಯ ಮನೆತನಗಳ ನಡೆ. ಎತ್ತನ್ನು ಮಾರುವ ಮುನ್ನ ಕೊಂಬು ಹೆರೆಯುತ್ತಾರೆ. ಮನೆಯನ್ನು ಮಾರುವ ಮುನ್ನ ಸುಣ್ಣ ಬಳಿಯುತ್ತಾರೆ. ಇದು ನನಗೆ ತಿಳಿಯದ ಸಂಗತಿಯಲ್ಲ. ಆದರೆ ಆ ಕ್ಷಣ ನನಗೆ ಕಂಡದ್ದು ಒಂದೇ: ಎರಡು ಪರೀಕ್ಷೆಗಳೂ ಕೆಟ್ಟುಹೋಗಿದ್ದವು.

“ನೀವು ಸಾಕ್ಷ್ಯವನ್ನೇ ಅಳಿಸಿಹಾಕಿದ್ದೀರಿ” ಎಂದೆ.

ಕಾಫಿಯ ತಟ್ಟೆ ಹಿಡಿದು ಬರುತ್ತಿದ್ದ ಅವರ ಮನೆಯವರು ಹೊಸಿಲಲ್ಲೇ ನಿಂತರು. ವ್ಯಾಪಾರಿಗಳ ಮುಖ ಬಿಗಿಯಿತು. “ಅಂದ್ರೆ? ನಾನೇನು ಕಳ್ಳನಾ?”

“ಹಾಗೆನ್ನಲಿಲ್ಲ. ಕಳ್ಳನಾಗಿದ್ದರೂ ಇದನ್ನೇ ಮಾಡುತ್ತಿದ್ದ ಎನ್ನುತ್ತಿದ್ದೇನೆ.”

ಈ ವಾಕ್ಯದಲ್ಲಿ ತರ್ಕದ ದೋಷವಿರಲಿಲ್ಲ. ಬೇರೆ ದೋಷ ಇತ್ತೆಂದು ಮೆಕ್ಯಾನಿಕ್ ನನ್ನ ಮೊಣಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಾಗ ತಿಳಿಯಿತು.

“ಯಜಮಾನ್ರೇ, ಹಳೇ ಎಣ್ಣೆ ಎಲ್ಲಾಕಿದ್ರಿ?” ಎಂದು ಅವನು ಕೇಳಿದ.

“ಎಸೀತಾರಾ ಅದ್ನ? ಕೊಟ್ಟಿಗೆ ಕಂಬಕ್ಕೆ ಗೆದ್ಲು ಹಿಡ್ದಿತ್ತು, ಬಳಿಸ್ದೆ. ಇನ್ನರ್ಧ ಡಬ್ಬ ಹಂಗೇ ಐತೆ.”

ನಾವು ಕೊಟ್ಟಿಗೆಗೆ ಹೋದೆವು. ಮೂರು ಕಂಬಗಳು ಬುಡದಿಂದ ಮೊಳಕಾಲೆತ್ತರಕ್ಕೆ ನೆಂದು ಹೊಳೆಯುತ್ತಿದ್ದವು. ಡಬ್ಬ ಗೋಡೆಯ ಮೂಲೆಯಲ್ಲಿತ್ತು. ನಾನು ತಂದಿದ್ದ ಬಿಳಿಯ ಹಾಳೆಯ ಮೇಲೆ ಮೆಕ್ಯಾನಿಕ್ ನಾಲ್ಕು ತೊಟ್ಟು ಹನಿಸಿದ; ಬೆರಳಿನ ನಡುವೆ ಉಜ್ಜಿದ; ಮೂಸಿದ; ಕಿಸೆಯಿಂದ ಅಯಸ್ಕಾಂತದ ತುಂಡೊಂದನ್ನು ತೆಗೆದು ಡಬ್ಬದೊಳಗೆ ಅದ್ದಿ ಮೇಲೆತ್ತಿದ.

“ಸುಟ್ಟಿಲ್ಲ ಸಾ. ಹಾಲಿಲ್ಲದ ಟೀ ಇದ್ದಂಗೈತೆ. ಪುಡೀನೂ ಇಲ್ಲ. ಕರ್ರಗಾಗಿದ್ರೆ ನಾನೇ ಬ್ಯಾಡ ಅಂತಿದ್ದೆ.”

“ಈ ಡಬ್ಬದ ಎಣ್ಣೆ ಈ ಗಾಡಿಯದೇ ಎಂಬುದಕ್ಕೆ ಆಧಾರವೇನು?”

ಅವನು ಅಯಸ್ಕಾಂತವನ್ನು ಒರೆಸಿ ಕಿಸೆಗೆ ಹಾಕಿಕೊಂಡ. “ಇನ್ಯಾವ ಗಾಡೀದು ಬತ್ತದೆ ಮೇಷ್ಟ್ರೇ? ಈ ಸುತ್ನಾಗೆ ಇಂಥ ಗಾಡಿ ಇರಾದೇ ಇದೊಂದು. ಅದ್ಕೇ ಇದ್ನ ಕೇಳೋರಿಲ್ದೆ ಇವ್ರು ನಿಮ್ಗೆ ತೋರುಸ್ತಾವ್ರೆ.”

ವ್ಯಾಪಾರಿಗಳು ಮೊದಲ ಬಾರಿಗೆ ನಕ್ಕರು, ನಾನು ನಗಲಿಲ್ಲ. ಗಾಡಿಯನ್ನು ಹಳೇಬೀಡಿನ ದಾರಿಯಲ್ಲಿ ಹತ್ತು ಕಿಲೋಮೀಟರು ಓಡಿಸಿ ನೋಡಿದೆವು. ತಡವಿರಲಿಲ್ಲ, ಆದರೆ ಎಂಜಿನ್ ಬಿಸಿಯಾಗಿರುವಾಗ ತಡವಿಲ್ಲದಿರುವುದು ದೊಡ್ಡ ಗುಣವಲ್ಲ. ಆ ಸಂಜೆ ಅಕ್ಕನಿಗೆ ಒಂದು ಪುಟದ ಅಭಿಪ್ರಾಯವನ್ನು ಬರೆದುಕೊಟ್ಟೆ. ಪ್ರಮುಖ ಪರೀಕ್ಷೆಗಳಿಗೆ ಅವಕಾಶ ದೊರೆಯದ ಕಾರಣ ಮೂರು ವರ್ಷಕ್ಕಿಂತ ಹೆಚ್ಚಿನ ಭರವಸೆಯನ್ನು ಕೊಡಲಾರೆನೆಂದೂ, ಕೊಳ್ಳದಿರುವುದೇ ಉಚಿತವೆಂದೂ ಅದರ ಸಾರಾಂಶ.

ಅಕ್ಕ ಅದನ್ನು ಎರಡು ಸಲ ಓದಿದಳು. “ತುಂಬ ಚೆನ್ನಾಗಿ ಬರ್ದಿದ್ದೀಯ” ಎಂದಳು. ಮುಂದಿನ ಸೋಮವಾರ ಗಾಡಿಯನ್ನು ಕೊಂಡಳು.

ನಾನು ಕಾರಣ ಕೇಳಿದೆ. “ಸೋರಿಸಿದ ಎಣ್ಣೇನೂ ಎಸೀದೆ ಕಂಬಕ್ಕೆ ಬಳಿಯೋ ಮನುಷ್ಯ ಗಾಡೀನ ಹಾಳುಗೆಡವಿರಲ್ಲ ಕಣೋ.”

“ಇದು ತೀರ್ಮಾನಕ್ಕೆ ತಕ್ಕ ಆಧಾರವಲ್ಲ ಅಕ್ಕ.”

“ಅಲ್ಲ. ಕೆಲವು ಹುಡುಗ್ರು ಲೆಕ್ಕಾನ ತಪ್ಪು ದಾರೀಲಿ ಮಾಡಿ ಸರಿ ಉತ್ತರ ತರ್ತಾರೆ. ನಾನು ಅವರಿಗೂ ಒಂದೆರಡು ಮಾರ್ಕ್ಸ್ ಕೊಡ್ತೀನಿ. ನೀನು ಕೊಡ್ತಿರ್ಲಿಲ್ಲ.”

ಜೂನ್ ಮೊದಲ ವಾರದಿಂದ ಅವಳು ಬಲಗಾಲೊಂದರಿಂದಲೇ ಗಾಡಿಯನ್ನು ಓಡಿಸಿಕೊಂಡು ಶಾಲೆಗೆ ಹೋಗತೊಡಗಿದಳು. ನಾನು ವರ್ಷಕ್ಕೆರಡು ಸಲ, ದೀಪಾವಳಿಯ ಮಾರನೆಯ ವಾರ ಮತ್ತು ಬೇಸಿಗೆ ರಜೆಯಲ್ಲಿ, ಹಳೇಬೀಡಿಗೆ ಹೋಗಿ ಬೆಳಗಿನ ತಣ್ಣನೆಯ ಎಂಜಿನ್ ಮೇಲೆ ನನ್ನ ಪರೀಕ್ಷೆಗಳನ್ನು ನಡೆಸಿ ಬರೆದಿಡುತ್ತಿದ್ದೆ. ಅಳತೆಕಡ್ಡಿಯನ್ನು ಎಳೆದು ನೋಡಿದಾಗಲೆಲ್ಲ ಎಣ್ಣೆ ಕೆಂಪಗಿರುತ್ತಿತ್ತು. “ಎಣ್ಣೆ ಕೆಂಪು” ಎಂದು ಬರೆಯುತ್ತಿದ್ದೆ. ಸಾಂಕ್ರಾಮಿಕದ ಕಾಲದಲ್ಲಿ ಶಾಲೆ ಮುಚ್ಚಿ ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿತು. ೨೦೨೧ರ ಜೂನ್‌ನಲ್ಲಿ ನಾನು ಕೊಟ್ಟ ಮೂರು ವರ್ಷ ಮುಗಿದಾಗ ಭಾವನವರು ಕೆಣಕಿದರು. ನಿಂತ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯಕೂಡದೆಂದು ನಾನು ವಾದಿಸಿದೆ. “ನಿಮ್ಮ ಮೇಷ್ಟ್ರು ಗ್ರೇಸ್ ಟೈಮ್ ಕೊಟ್ಟಿದಾರೆ ಕಣೇ” ಎಂದು ಅವರು ಅಡುಗೆಮನೆಯತ್ತ ಕೂಗಿದರು.

೨೦೨೨ರ ಆಗಸ್ಟಿನಲ್ಲಿ, ಜಡಿಮಳೆಯ ಒಂದು ಬೆಳಗ್ಗೆ, ಶಾಲೆಯ ಕೆಳಗಿನ ಏರಿನಲ್ಲಿ ಗಾಡಿ ನಿಂತಿತು. ಎಂಜಿನ್ ಗುರುಗುಟ್ಟಿತು, ಗಾಡಿ ಕದಲಲಿಲ್ಲ. ಅಕ್ಕ ಮತ್ತೆ ಒತ್ತಾಯಿಸದೆ ಅಲ್ಲೇ ಆರಿಸಿ, ಉಳಿದ ಏರನ್ನು ಕೊಡೆ ಊರಿಕೊಂಡು ಹತ್ತಿದಳು. ಗಾಡಿಯನ್ನು ಬೇಲೂರಿನ ಗ್ಯಾರೇಜೊಂದಕ್ಕೆ ಎಳೆಸಿದರು. ಅಲ್ಲಿ ಇಂಥ ಗೇರ್‌ಬಾಕ್ಸನ್ನು ಬಲ್ಲವರಿರಲಿಲ್ಲ. ಅದು ಅಲ್ಲೇ ನಿಂತಿತು.

ಅಕ್ಕ ಬೇಲೂರಿನವರೆಗೆ ಬಸ್ಸು ಹಿಡಿದು, ಅಲ್ಲಿಂದ ತೋಟದ ಆಳುಗಳನ್ನು ಒಯ್ಯುವ ಜೀಪಿನಲ್ಲಿ ಹೋಗತೊಡಗಿದಳು. ನಾಲ್ಕನೆಯ ದಿನಕ್ಕೆ ಕಾಲು ಊದಿತು. ಭಾವನವರು ನನಗೆ ಫೋನು ಮಾಡಿದರು. “ಏನಯ್ಯಾ, ನೀನು ಹೇಳಿದ್ದೇ ಆಯ್ತು. ಸ್ವಯಂನಿವೃತ್ತಿಗೆ ಒಂದು ಅರ್ಜಿ ಬರ್ಕೊಂಡು ಬಾ. ನೀನು ಬರೆದ್ರೆ ವಾಪಸ್ ಬರಲ್ಲ.”

ನಾನು ಬರೆದೆ. ನನ್ನ ಮಾತು ನಿಜವಾಯಿತಲ್ಲ ಎಂಬ ಸಣ್ಣ ಸಮಾಧಾನ ಆ ಅರ್ಜಿಯನ್ನು ಬರೆಯುವಾಗ ನನ್ನಲ್ಲಿತ್ತು. ಇದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಅರ್ಜಿ ಒಂದೂವರೆ ಪುಟವಾಯಿತು. ಕಾಲಿನ ಸ್ಥಿತಿ, ದೂರ, ಸೇವೆಯ ಅವಧಿ, ಎಲ್ಲವೂ ಕ್ರಮವಾಗಿ ಬಂದಿದ್ದವು.

ನಾನು ಹೋದಾಗ ಅಕ್ಕ ಬಕೆಟ್ಟಿನ ಉಪ್ಪುನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದಳು. ಅರ್ಜಿಯನ್ನು ಓದಿದಳು. ಭಾವನವರು ಪೆನ್ನನ್ನು ಮುಂದೆ ಹಿಡಿದರು. ಅವಳು ತೆಗೆದುಕೊಳ್ಳಲಿಲ್ಲ.

“ಗಾಡಿ ಬಿಚ್ಚಿಸಿ ನೋಡಿದ್ಯಾ?” ಎಂದು ನನ್ನನ್ನು ಕೇಳಿದಳು.

“ಇಲ್ಲ.”

“ಮತ್ತೆ ಗೇರ್‌ಬಾಕ್ಸ್ ಹೋಗಿದೆ ಅಂತ ಹೆಂಗೆ ಗೊತ್ತಾಯ್ತು?”

“ಲಕ್ಷಣಗಳು...”

“ಬಿಚ್ಚಿ ನೋಡ್ದೆ ಇರೋದನ್ನ ಪುಸ್ತಕಕ್ಕೇ ಬರ್ಕೊಳಲ್ಲ ನೀನು. ನನ್ನ ಕೆಲಸ ಬಿಡ್ಸೋಕೆ ಮಾತ್ರ ಒಂದೂವರೆ ಪುಟ ಬರ್ದಿದ್ದೀಯ.” ಅವಳ ದನಿ ಏರಿರಲಿಲ್ಲ. “ಮೊದ್ಲು ನೋಡ್ಕೊಂಡು ಬಾ. ಆಮೇಲೆ ಸಹಿ.”

ಮರುದಿನವೇ ಮೆಕ್ಯಾನಿಕ್‌ನನ್ನು ಅರಸೀಕೆರೆಯಿಂದ ಬಸ್ಸಿನಲ್ಲಿ ಬೇಲೂರಿಗೆ ಕರೆದೊಯ್ದೆ. ಅವನು ಗೋಣಿಯೊಂದನ್ನು ಹಾಸಿಕೊಂಡು ಗಾಡಿಯ ಕೆಳಗೆ ತೂರಿದ. ಐದು ನಿಮಿಷವೂ ಆಗಿರಲಿಲ್ಲ.

“ಇಲಿ ಸಾ!”

“ಏನು?”

“ಇಲಿ ಕಡ್ದೈತೆ. ಎಣ್ಣೆ ತಣ್ಣಗ್ ಮಾಡಕೆ ರೇಡಿಯೇಟರ್‌ಗೆ ಪೈಪ್ ಹೋಗ್ತದಲ್ಲ, ಅದ್ನ. ತೊಟ್ಟುತೊಟ್ಟಾಗಿ ಎಲ್ಲ ಸೋರೋಗೈತೆ.” ತಲೆಯನ್ನು ಹೊರಗೆ ಹಾಕಿದ. “ಗೇರ್‌ಬಾಕ್ಸ್‌ಗೇನಾಗಿಲ್ಲ. ಹೊಟ್ಟೇಲಿ ಏನೂ ಇಲ್ದೆ ಗುಡ್ಡ ಹತ್ತು ಅಂದ್ರೆ ನೀವಾದ್ರೂ ಹತ್ತೀರಾ?”

ಅಕ್ಕ ಗಾಡಿಯನ್ನು ನಿಲ್ಲಿಸುತ್ತಿದ್ದುದು ಬಿಸಿಯೂಟದ ಅಕ್ಕಿ ಇಡುವ ಕೋಣೆಯ ಪಕ್ಕದ ನೆರಳಿನಲ್ಲಿ. ಅಲ್ಲಿಗೆ ಇಲಿ ಬರುವುದರಲ್ಲಿ ಸೋಜಿಗವಿಲ್ಲ. ಪೂರ್ತಿ ಪರೀಕ್ಷಿಸಲೆಂದು ಅವನು ತಳದ ತಟ್ಟೆಯನ್ನೂ ಬಿಚ್ಚಿದ. ಅಲ್ಲಿ ಲೋಹದ ಪುಡಿಯನ್ನು ಹಿಡಿಯಲೆಂದೇ ಅಯಸ್ಕಾಂತಗಳಿರುತ್ತವೆ. ಅವು ಹೆಚ್ಚುಕಡಿಮೆ ಶುಭ್ರವಾಗಿದ್ದವು. ತಳದಲ್ಲಿ ಉಳಿದಿದ್ದ ಎಣ್ಣೆ ಇನ್ನೂ ಕೆಂಪಗಿತ್ತು. ಜಾವಗಲ್ಲಿನಲ್ಲಿ ಹಾಕಿಸಿದ ಎಣ್ಣೆ ನಾಲ್ಕು ವರ್ಷದ ಮೇಲೂ ಹಾಗಿರಲು ಸಾಧ್ಯವಿಲ್ಲ ಎಂದು ನನಗೆ ಹೊಳೆದದ್ದು ಆಗ. ಪ್ರತಿ ಸಲವೂ ಅದನ್ನು ಕಂಡಿದ್ದೆ, ಬರೆದಿದ್ದೆ. ಏಕೆಂದು ಒಮ್ಮೆಯೂ ಕೇಳಿರಲಿಲ್ಲ.

ಸಂಜೆ ಅಕ್ಕನನ್ನು ಕೇಳಿದೆ.

“ಪ್ರತಿ ವರ್ಷ ಸ್ಕೂಲು ಶುರುವಾಗೋ ಮುಂಚೆ ಬದಲಾಯಿಸ್ತೀನಿ. ಆ ಜಾವಗಲ್ಲಿನ ಯಜಮಾನ್ರು ಗಾಡಿ ಕೊಡ್ತಾ ಹೇಳಿದ್ರು, ವರ್ಷಕ್ಕೊಂದ್ಸಲ ಹೊಸ ಎಣ್ಣೆ ಹಾಕ್ಸಮ್ಮ, ಅವ್ರಪ್ಪನ ಕಾಲದಿಂದ ಯಾವ ಗಾಡಿಗೂ ಹಂಗೇ ಮಾಡೋದು ಅಂತ.”

“ನನಗೆ ಹೇಳಲಿಲ್ಲ?”

“ಹೇಳಿದ್ರೆ ಸಾಕ್ಷ್ಯ ನಾಶ ಅಂತಿದ್ದೆ.”

ಗಾಡಿಯ ಕೈಪಿಡಿಯಲ್ಲಿ ಆ ಎಣ್ಣೆಯನ್ನು ಅಷ್ಟು ಬೇಗ ಬದಲಿಸಬೇಕಾಗಿಲ್ಲವೆಂದಿತ್ತು, ಮತ್ತು ನಾನು ಅಚ್ಚಾದುದನ್ನು ನಂಬುವವನು. ಆದ್ದರಿಂದ ನನ್ನ ಪುಸ್ತಕದಲ್ಲಿ ರಸ್ತೆಗೆ, ಚಾಲಕನಿಗೆ, ಓಡಿದ ದೂರಕ್ಕೆ ಪ್ರತ್ಯೇಕ ಕಲಮುಗಳಿದ್ದವು. ಎಣ್ಣೆಯನ್ನು ಎಂದಾದರೂ ಬದಲಿಸಿದ್ದರೇ ಎಂಬುದಕ್ಕೆ ಇರಲಿಲ್ಲ. ಜಾವಗಲ್ಲಿನಲ್ಲಿ ನಾನು ಸಾಕ್ಷ್ಯವನ್ನು ಅಳಿಸುವ ಕೆಲಸವೆಂದು ತಿಳಿದದ್ದು ಗಾಡಿಯನ್ನು ಉಳಿಸುವ ಕೆಲಸವಾಗಿತ್ತು. ಆ ವರ್ಷದ ಕೊನೆಯಲ್ಲಿ ಪುಸ್ತಕವನ್ನು ಹಿಡಿದು, ಸಿಕ್ಕವರ ಮನೆಗೆಲ್ಲ ಮತ್ತೆ ಹೋಗಿ ಆ ಒಂದು ಪ್ರಶ್ನೆಯನ್ನು ಕೇಳಿದೆ. ಹೆಚ್ಚಿನವರಿಗೆ ನೆನಪಿರಲಿಲ್ಲ. ಇಬ್ಬರು ತೀರಿಕೊಂಡಿದ್ದರು. ನೆನಪಿದ್ದ ಕೆಲವರು “ಅದನ್ನೂ ಬದಲಾಯಿಸ್ಬೇಕಾ?” ಎಂದು ನನ್ನನ್ನೇ ಕೇಳಿದರು. ಆ ಕಲಮಿನಲ್ಲಿ ಖಾಲಿ ಜಾಗಗಳೇ ಹೆಚ್ಚು; ಅದರಿಂದ ಯಾವ ನಿಯಮವನ್ನೂ ಹೊರಡಿಸಲಾರೆ.

ಜಾವಗಲ್ಲಿಗೂ ಹೋದೆ. ವ್ಯಾಪಾರಿಗಳು ಅಂಗಳದಲ್ಲಿ ಕಾಯಿ ಎಣಿಸುತ್ತಿದ್ದರು. ನಾನು ನಡೆದುದನ್ನು ಹೇಳಿ, ಅಂದು ಆಡಿದ ಮಾತು ತಪ್ಪೆಂದೆ. ಅವರು ಎದ್ದು ಕೈ ಒರೆಸಿಕೊಂಡರು.

“ಹೋಗ್ಲಿ ಬಿಡಿ. ಕಳ್ಳನ ಮನೆ ಕಾಫಿ ಕುಡೀತೀರಾ?”

ಕುಡಿದೆ. ಅಂದು ಹೊಸಿಲಲ್ಲೇ ನಿಂತಿದ್ದವರು ತಂದುಕೊಟ್ಟರು.

ಅರ್ಜಿಯನ್ನು ಅಕ್ಕ ಹರಿದಿರಲಿಲ್ಲ. ಅದರ ಹಿಂಬದಿಯಲ್ಲಿ ಯಾವುದೋ ತರಗತಿಯ ವೇಳಾಪಟ್ಟಿಯನ್ನು ಬರೆದು ಬೀರುವಿಗೆ ಅಂಟಿಸಿದ್ದಳು. ಗಾಡಿಗೆ ಹೊಸ ಪೈಪು, ಹೊಸ ಎಣ್ಣೆ ಬಿದ್ದವು. ನಿಲ್ಲಿಸುವ ಜಾಗ ಬದಲಾಯಿತು. ಇನ್ನೂ ಮೂರು ವರ್ಷ ಉಳಿದಿದ್ದವು, ಮತ್ತು ಈ ಸಲ ನಾನು ಯಾವ ಅವಧಿಯನ್ನೂ ಬರೆದುಕೊಡಲಿಲ್ಲ. ಮೂರೂ ವರ್ಷ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ೨೦೨೪ರ ಚಳಿಗಾಲದಲ್ಲಿ ಹಿಂದಕ್ಕೆ ಹೋಗುವ ಗೇರು ಬೀಳಲು ಅರ್ಧ ಸೆಕೆಂಡು ತಡವಾಗತೊಡಗಿತು, ಅಕ್ಕನಿಗೆ ಹೇಳಿದೆ. “ನನಗೂ ತಡ ಆಗುತ್ತೆ ಕಣೋ, ಬೆಳಿಗ್ಗೆ ಎದ್ದಾಗ” ಎಂದಳು. ಅದು ಅಲ್ಲಿಂದ ಮುಂದೆ ಹೆಚ್ಚಾಗಲಿಲ್ಲ.

ಅವಳ ಸೇವೆಯ ಕೊನೆಯ ದಿನ ನಾನೂ ಶಾಲೆಗೆ ಹೋಗಿದ್ದೆ. ಭಾಷಣಗಳಾದವು, ಒಂದರಲ್ಲಿ ಮೂರು ತಪ್ಪುಗಳಿದ್ದವು, ನಾನು ಸುಮ್ಮನಿದ್ದೆ. ಶಾಲು, ಹಣ್ಣಿನ ಬುಟ್ಟಿ, ಗೋಡೆಗಡಿಯಾರ ಹಿಂದಿನ ಸೀಟನ್ನು ತುಂಬಿದವು. ಅವಳು ಚಾಲಕನ ಜಾಗದಲ್ಲಿ, ನಾನು ಪಕ್ಕದಲ್ಲಿ. ಮಳೆ ಹಿಡಿದಿತ್ತು. ಇಳಿಜಾರಿನಲ್ಲಿ ಗೇರು ತಾನಾಗಿ ಕೆಳಗಿಳಿಯುವುದನ್ನು ಎಣಿಸಿದೆ. ಬಿಕ್ಕೋಡಿನ ತಿರುವುಗಳಲ್ಲಿ, ಬೇಲೂರಿನ ಬಸ್‌ನಿಲ್ದಾಣದ ಮುಂದಿನ ಇಕ್ಕಟ್ಟಿನಲ್ಲಿ ಎಣಿಸಿದೆ. ಎಲ್ಲಿಯೂ ಮುಗ್ಗರಿಸಲಿಲ್ಲ. ದಾರಿಯಲ್ಲಿ ಒಮ್ಮೆ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

ಹಳೇಬೀಡಿನ ಮನೆಯ ಮುಂದೆ ಭಾವನವರು ಕೊಡೆ ಹಿಡಿದು ಗೇಟು ತೆರೆದರು. ಅವಳು ಗಾಡಿಯನ್ನು ಹಿಮ್ಮುಖವಾಗಿ ಶೆಡ್ಡಿಗೆ ಹಾಕಿ, ಹಿಡಿಯನ್ನು ನಿಲುಗಡೆಗೆ ಸರಿಸಿ, ಎಂಜಿನ್ ಆರಿಸಿದಳು. ಮೂರು ವರ್ಷಕ್ಕಿಂತ ಹೆಚ್ಚಿನ ಭರವಸೆ ಕೊಡಲಾರೆನೆಂದು ನಾನು ಬರೆದುಕೊಟ್ಟಿದ್ದ ಗೇರ್‌ಬಾಕ್ಸ್ ಅವಳನ್ನು ಅವಳ ಕೆಲಸದ ಕೊನೆಯವರೆಗೆ ಮುಟ್ಟಿಸಿತ್ತು. ದಿನಾಂಕ ೩೧ ಜುಲೈ ೨೦೨೫, ಗುರುವಾರ.